ಕೊಕ್ಕೆ ಕಡ್ಡಿ ಕೈಗೆ ಹತ್ತುತ್ತಿಲ್ಲ

ಮೇಡಂ, ನನ್ನ ಸಮಸ್ಯೆ ಕೇಳಿದರೆ ನಿಮಗೆ ನಗು ಬರಬಹುದು. ಮನೆಯಲ್ಲಿ ಜಗಳ ಇಲ್ಲ, ಸಾಲ ಇಲ್ಲ, ಮಕ್ಕಳು ಚೆನ್ನಾಗಿದ್ದಾರೆ. ನನಗೆ 49 ವರ್ಷ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗೆ. ಅಡಿಕೆ ತೋಟ, ಒಂದು ದನ, ಮನೆಯ ಹಿಂದೆ ಅಜ್ಜನ ಕಾಲದ ನೀರಿನ ಸುರಂಗ. ಮಗ ಬೆಂಗಳೂರಿನಲ್ಲಿ, ಮಗಳು ಎರ್ನಾಕುಳಂನಲ್ಲಿ ಓದುತ್ತಾಳೆ. ಮನೆಯಲ್ಲಿ ನಾನು, ಯಜಮಾನರು, ಅತ್ತೆ.

ಏಳನೇ ಕ್ಲಾಸಿನಲ್ಲಿ ಹೊಲಿಗೆ ಟೀಚರ್ ಕ್ರೋಶ ಕಲಿಸಿದ್ದರು. ಆಮೇಲೆ ಎರಡು ಕಡ್ಡಿಯ ಹೆಣಿಗೆಯನ್ನೂ ಕಲಿತೆ. ಮದುವೆಯಾಗಿ ಬಂದ ಮೇಲೂ ಮಧ್ಯಾಹ್ನದ ಕೆಲಸ ಮುಗಿದರೆ ಜಗಲಿಯಲ್ಲಿ ಕೂತು ಹೆಣೆಯುವುದು ಅಭ್ಯಾಸ. ಕಡ್ಡಿ ಕೈಯಲ್ಲಿದ್ದರೆ ಎಷ್ಟು ಹೊತ್ತು ಕೂತರೂ ಯಾರೂ ಏನೂ ಹೇಳುತ್ತಿರಲಿಲ್ಲ. ಮಗನಿಗೆ ಹೆಣೆದ ಹಸಿರು ಟೋಪಿ, ಮಂಗಟ್ಟೆ ಜೋಡಿ ನಮ್ಮ ಅತ್ತಿಮರಕ್ಕೆ ಬಂದ ವರ್ಷದ್ದು. ಬಾಗಿಲ ತೋರಣ ಹೆಣೆಯುವಾಗ ಹಾರುವ ಓತಿ ಅಡಿಕೆ ಮರದಿಂದ ಮರಕ್ಕೆ ತೇಲಿದ್ದನ್ನು ನೋಡುತ್ತಾ ಲೆಕ್ಕ ತಪ್ಪಿ ಎರಡು ಸಾಲು ಬಿಚ್ಚಿದ್ದೆ.

ಎರಡು ವರ್ಷದ ಹಿಂದೆ ಮಗಳು ಇನ್‌ಸ್ಟಾಗ್ರಾಮಿನಲ್ಲಿ ಪೇಜ್ ಮಾಡಿಕೊಟ್ಟಳು. ‘ಅಮ್ಮಾ, ಇಷ್ಟು ಚಂದ ಹೆಣೆಯುತ್ತೀ, ಸುಮ್ಮನೆ ಯಾಕೆ ಹಂಚುವುದು’ ಎಂದಳು. ಆರ್ಡರ್ ಬಂತು. ಮಗುವಿನ ಸ್ವೆಟರ್, ಟೋಪಿ, ಕಾಲುಚೀಲ ಸೇರಿ 750 ರೂಪಾಯಿ. ಉಲನ್ನಿಗೆ 230, ಕೊರಿಯರಿಗೆ 80. ದಿನಕ್ಕೆ ಎರಡು ಗಂಟೆಯಂತೆ ಹತ್ತು ಹನ್ನೊಂದು ದಿನದ ಕೆಲಸ. ಮೊದಮೊದಲು ಖುಷಿಯಾಯಿತು. ಆಮೇಲೆ ಬಣ್ಣ ಅವರು ಹೇಳಿದ್ದು, ತಾರೀಕು ಅವರು ಹೇಳಿದ್ದು. ‘ಆಂಟಿ, ಆನ್‌ಲೈನಿನಲ್ಲಿ ಇದೇ 399ಕ್ಕೆ ಸಿಗ್ತದೆ’ ಎಂದು ಒಬ್ಬರು ಬರೆದರು. ಈಗ ನಾಲ್ಕು ತಿಂಗಳಿಂದ ಕಡ್ಡಿ ಮುಟ್ಟಲು ಮನಸ್ಸಿಲ್ಲ. ಎರಡು ಆರ್ಡರಿಗೆ ಮುಂಗಡ ತೆಗೆದುಕೊಂಡಿದ್ದೇನೆ, ಒಂದು ಅರ್ಧಕ್ಕೆ ನಿಂತಿದೆ, ಇನ್ನೊಂದು ಶುರುವೇ ಆಗಿಲ್ಲ.

ಮಧ್ಯಾಹ್ನ ಈಗಲೂ ಜಗಲಿಯಲ್ಲಿ ಕೂರುತ್ತೇನೆ, ಬರಿಗೈಯಲ್ಲಿ. ಬಟ್ಟೆ ಒಣಗಿಸುವ ಹಗ್ಗದ ತುದಿಯಲ್ಲಿ ಸೂರಕ್ಕಿ ಗೂಡು ಕಟ್ಟಿದೆ, ಅದನ್ನು ನೋಡುತ್ತಾ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಅತ್ತೆಗೆ ಗಾಬರಿ, ಜೋಯಿಸರಲ್ಲಿ ಕೇಳಬೇಕು ಎನ್ನುತ್ತಾರೆ. ಯಜಮಾನರು ‘ಸುಮ್ಮನೆ ಕೂತರೆ ತಲೆ ಕೆಡ್ತದೆ, ಕುಟುಂಬಶ್ರೀಯವರ ಜೊತೆ ಏನಾದರೂ ಘಟಕ ಮಾಡು’ ಎನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಆಮೇಲೆ ನಿದ್ದೆ ಬರುವುದಿಲ್ಲ. ನಾನು ಸೋಮಾರಿಯಾದೆನೋ, ನನ್ನ ಮನಸ್ಸಿಗೇ ಏನಾದರೂ ಆಗಿದೆಯೋ? ಮೊದಲಿನ ಆಸಕ್ತಿ ಬರಬೇಕಾದರೆ ಏನು ಮಾಡಬೇಕು? ಇನ್ನೊಂದು, ಪೆಟ್ಟಿಗೆಯಲ್ಲಿಟ್ಟ ಉಲನ್ ಬೂಸ್ಟು ವಾಸನೆ ಬರುತ್ತಿದೆ.

– ಹೆಸರು ಬೇಡ, ಮುಳ್ಳೇರಿಯ ಸಮೀಪ

ನಗು ಬರಲಿಲ್ಲ. ಇಲ್ಲಿ ಅಚ್ಚಾಗಿರುವುದು ನಿಮ್ಮ ಪತ್ರದ ಅರ್ಧ ಮಾತ್ರ. ಉಳಿದರ್ಧದಲ್ಲಿ ನೀವು ಸೂರಕ್ಕಿಯ ಬಗ್ಗೆಯೇ ಒಂದೂವರೆ ಪುಟ ಬರೆದಿದ್ದೀರಿ, ಜಾಗ ಸಾಲದೆ ಬಿಡಬೇಕಾಯಿತು. ಆ ಒಂದೂವರೆ ಪುಟ ಬರೆದವರನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೂ ಮೊದಲು ದೇಹದ ಮಾತು ಆಗಿಬಿಡಲಿ. 49ರಲ್ಲಿ ರಾತ್ರಿ ಎರಡಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬರದಿದ್ದರೆ ಅದಕ್ಕೆ ಉಲನ್ನೇ ಕಾರಣವಾಗಬೇಕೆಂದಿಲ್ಲ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46–47ರ ಸುಮಾರಿಗೆ, ಅದರ ಹಿಂದುಮುಂದಿನ ಕೆಲವು ವರ್ಷ ನಿದ್ದೆ ಕೆಡುವುದು, ಮೈ ಬಿಸಿಯೇರುವುದು, ಮನಸ್ಸು ಇದ್ದಕ್ಕಿದ್ದಂತೆ ಕುಗ್ಗುವುದು ತೀರ ಸಾಮಾನ್ಯ. ಥೈರಾಯಿಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಹೀಗೆಯೇ ಆಗಬಹುದು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಂದು ರಕ್ತಪರೀಕ್ಷೆ ಮಾಡಿಸಿ, ಜೋಯಿಸರಿಗಿಂತ ಅದು ಬೇಗ ಆಗುತ್ತದೆ. ಇನ್ನು ಮನಸ್ಸಿನ ಕಾಯಿಲೆಯ ಸಂಶಯಕ್ಕೆ ನಾನು ನೋಡುವ ಗುರುತು ಇದು: ಎರಡು ವಾರಕ್ಕೂ ಮೇಲ್ಪಟ್ಟು ಯಾವುದರಲ್ಲೂ ರುಚಿ ಇಲ್ಲದಿರುವುದು, ಊಟ ಸೇರದಿರುವುದು, ತಾನು ಯಾರಿಗೂ ಬೇಡದವಳು ಎನಿಸುವುದು, ಸಾಯುವ ಯೋಚನೆ ಬರುವುದು. ನಿಮಗೆ ಕಡ್ಡಿಯ ಮೇಲೆ ಮನಸ್ಸಿಲ್ಲ, ಹಕ್ಕಿಯ ಮೇಲೆ ಇದೆ. ದನಕ್ಕೆ ಇಟ್ಟ ಹೆಸರನ್ನು ಬರೆದು, ಅದು ಯಾಕೆ ಎಂದು ವಿವರಿಸಿ ನಗಿಸಿದ್ದೀರಿ. ಖಿನ್ನತೆಗೆ ಬಿದ್ದವರ ಪತ್ರ ಸಾಮಾನ್ಯವಾಗಿ ಹೀಗಿರುವುದಿಲ್ಲ. ಆದರೆ ಪತ್ರ ಓದಿ ರೋಗ ತೀರ್ಮಾನಿಸುವುದು ನನ್ನ ಕೆಲಸವಲ್ಲ. ಹೇಳಿದ ಗುರುತುಗಳಲ್ಲಿ ಒಂದಾದರೂ ಇದ್ದರೆ, ಅಥವಾ ರಾತ್ರಿಯ ಆ ಎರಡು ಗಂಟೆಯ ಹೊತ್ತು ತಡೆಯಲಾರದಂತಾದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡುವವರು ಇರುತ್ತಾರೆ.

ಈಗ ಆ ಪೇಜಿನ ಲೆಕ್ಕ. 750ರಲ್ಲಿ ಉಲನ್ನು, ಕೊರಿಯರ್ ಕಳೆದರೆ ಉಳಿದದ್ದು 440. ಸುಮಾರು 22 ಗಂಟೆಯ ಕೆಲಸ. ಗಂಟೆಗೆ 20 ರೂಪಾಯಿ ಬಿತ್ತು, ಎಂಟು ಗಂಟೆಯ ದಿನಕ್ಕೆ 160. ಕೇರಳದಲ್ಲಿ 2025–26ಕ್ಕೆ ಉದ್ಯೋಗ ಖಾತರಿಯ ದಿನಗೂಲಿಯೇ 369 ರೂಪಾಯಿ. ನಿಮ್ಮೂರಲ್ಲಿ ಅಡಿಕೆ ಕೊಯ್ಯುವವರಿಗೆ ಎಷ್ಟು ಕೊಡುತ್ತೀರಿ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇದನ್ನು ಯಾಕೆ ಹೇಳಿದೆನೆಂದರೆ, ‘ನನ್ನಲ್ಲೇ ಏನೋ ಕೊರತೆ, ಅದಕ್ಕೇ ವ್ಯಾಪಾರ ಮುಂದುವರಿಸಲು ಆಗಲಿಲ್ಲ’ ಎಂದು ಬರೆದಿದ್ದೀರಿ. ಕೊರತೆ ನಿಮ್ಮಲ್ಲಿಲ್ಲ, ಲೆಕ್ಕದಲ್ಲಿದೆ. ಯಂತ್ರ ಹೆಣೆದ 399ರ ಸ್ವೆಟರಿನ ಎದುರು ಕೈಹೆಣಿಗೆ ಬೆಲೆಯಲ್ಲಿ ಗೆಲ್ಲುವ ಮಾತೇ ಇಲ್ಲ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಕಾಸರಗೋಡು ಸೀರೆಯನ್ನು ನೋಡಿ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ವಿದ್ಯಾನಗರದಲ್ಲಿ ದಶಕಗಳ ಹಳೆಯ ನೇಕಾರರ ಸಹಕಾರಿ ಸಂಘ ಇದೆ, ಎಷ್ಟು ತೊಳೆದರೂ ಬಣ್ಣ ನಿಲ್ಲುತ್ತದೆಂಬ ಹೆಸರಿದೆ. ಇಷ್ಟೆಲ್ಲ ಇದ್ದೂ ಮಗ್ಗಕ್ಕೆ ಹೊಸಬರು ಬರುತ್ತಿಲ್ಲ. ಹಿಂದೆ ಒಂದು ಸಂಘವೇ ನಿಂತಿರುವ ಕಸುಬಿನ ಪಾಡು ಹೀಗಿರುವಾಗ, ಜಗಲಿಯಲ್ಲಿ ಒಬ್ಬರೇ ಕೂತು ಬೆಲೆ ಕಟ್ಟಲು ಹೊರಟ ನಿಮಗೆ ಸುಸ್ತಾದದ್ದು ಆಶ್ಚರ್ಯವಲ್ಲ.

ಮಗಳನ್ನು ನಾನು ದೂರುವುದಿಲ್ಲ. ಅವಳ ವಯಸ್ಸಿನವರಿಗೆ ಮೆಚ್ಚುಗೆ ಹೇಳುವ ಭಾಷೆ ಅದು. ‘ಚಂದ ಹೆಣೆಯುತ್ತೀ’ ಎಂಬುದಕ್ಕೆ ಬದಲು ‘ಇದನ್ನು ಮಾರಬಹುದು’ ಎನ್ನುತ್ತಾರೆ. ಒಳ್ಳೆಯ ಹಪ್ಪಳ ಮಾಡಿದರೂ ಇದೇ ಮಾತು, ಹಾಡಿದರೂ ಇದೇ ಮಾತು. ಕೇಳಿ ಖುಷಿಪಟ್ಟು ಅಲ್ಲಿಗೇ ಬಿಟ್ಟುಬಿಡಬಹುದಾದ ಹೊಗಳಿಕೆ ಅದು. ನೀವು ಬಿಡಲಿಲ್ಲ, ಯಾಕೆಂದರೆ ನಿಮಗೂ ಒಳಗೊಳಗೇ ಒಂದು ಅಳುಕು ಇತ್ತು. ಆ ಅಳುಕು ಎಲ್ಲಿಯದು ಎಂಬುದೇ ಈ ಪತ್ರದ ಮುಖ್ಯ ವಿಷಯ ಎಂದು ನನಗೆ ಕಾಣುತ್ತದೆ.

‘ಕಡ್ಡಿ ಕೈಯಲ್ಲಿದ್ದರೆ ಎಷ್ಟು ಹೊತ್ತು ಕೂತರೂ ಯಾರೂ ಏನೂ ಹೇಳುತ್ತಿರಲಿಲ್ಲ.’ ಹೆಚ್ಚು ಯೋಚಿಸದೆ ಬರೆದುಬಿಟ್ಟ ಈ ವಾಕ್ಯದ ಕೆಳಗೆ ನಾನು ಗೆರೆ ಎಳೆದಿದ್ದೇನೆ. ನಮ್ಮ ಕಡೆಯ ಮನೆಗಳಲ್ಲಿ ಗಂಡಸು ಜಗಲಿಯಲ್ಲಿ ಕೂತರೆ ಅವನು ಕೂತಿದ್ದಾನೆ, ಅಷ್ಟೆ. ಎಲೆಯಡಿಕೆ ಹಾಕಿಕೊಂಡು, ದಾರಿ ನೋಡಿಕೊಂಡು ಸಂಜೆಯವರೆಗೂ ಕೂರಬಹುದು. ಹೆಂಗಸು ಕೂತರೆ ಮಡಿಲಲ್ಲಿ ಏನಾದರೂ ಇರಬೇಕು: ಬಿಡಿಸುವ ಹಲಸಿನ ಬೀಜ, ಕಟ್ಟುವ ಮಲ್ಲಿಗೆ, ಕಡಿಯುವ ಅಡಿಕೆ, ಇಲ್ಲದಿದ್ದರೆ ಉಲನ್ನು. ಕೈ ಆಡುತ್ತಿದ್ದರೆ ಕಣ್ಣು ಎಲ್ಲಿಗೆ ಹೋದರೂ ತಕರಾರಿಲ್ಲ. ಹೆಣಿಗೆ ನಮ್ಮ ಸೀಮೆಗೆ ಬಂದ ದಾರಿಯೂ ಸುಮಾರಿಗೆ ಅದೇ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಹೆಣ್ಣುಮಕ್ಕಳ ಶಾಲೆಗಳಲ್ಲಿ ಅಕ್ಷರದ ಬೆನ್ನಿಗೇ ಸೂಜಿದಾರವೂ ಬಂತು. ಕಾಸರಗೋಡು ಆಗ ಮಂಗಳೂರಿದ್ದ ಜಿಲ್ಲೆಯದ್ದೇ, 1956ರವರೆಗೂ ಹಾಗೆಯೇ ಇತ್ತು. ಹುಡುಗಿಯರ ಕೈ ಖಾಲಿ ಇರಬಾರದು ಎಂಬ ಯುರೋಪಿನ ಪಾದ್ರಿಗಳ ನಂಬಿಕೆಗೂ ನಮ್ಮ ಅಜ್ಜಿಯರ ನಂಬಿಕೆಗೂ ಈ ಒಂದು ವಿಷಯದಲ್ಲಿ ಎಂಥ ಹೊಂದಾಣಿಕೆ ನೋಡಿ! ನಿಮ್ಮ ಹೊಲಿಗೆ ಟೀಚರ್ ಆ ಸರಣಿಯ ಕೊನೆಯ ಕೊಂಡಿಗಳಲ್ಲಿ ಒಬ್ಬರು.

ಹಾಗಾಗಿ ಇಷ್ಟು ವರ್ಷ ಕಡ್ಡಿ ನಿಮಗೆ ಕೂರಲು ಕೊಟ್ಟ ಪರವಾನಗಿಯೂ ಆಗಿತ್ತು. ಮಾರಾಟಕ್ಕೆ ಇಳಿದಾಗ ಆ ಪರವಾನಗಿಗೆ ದುಡ್ಡಿನ ಮುದ್ರೆಯೂ ಬೀಳುತ್ತದೆ ಎಂದು ನಿಮಗೆ ಸಮಾಧಾನವಾಗಿರಬೇಕು. ಈಗ ಕಡ್ಡಿ ಬಿಟ್ಟು ಕೂತಿದ್ದೀರಿ. ಅತ್ತೆಗೆ ಗಾಬರಿ ಹುಟ್ಟಿಸಿರುವುದು ನಿಮ್ಮ ಮುಖವಲ್ಲ, ನಿಮ್ಮ ಖಾಲಿ ಮಡಿಲು.

ಇನ್ನೂ ಒಂದು ಮಾತು. ನೀವು ಹೆಣೆದ ವಸ್ತುಗಳನ್ನು ನೆನೆಯುವ ಕ್ರಮ ನೋಡಿ. ಹಸಿರು ಟೋಪಿಗೆ ಎಷ್ಟು ಹೊಲಿಗೆ ಹಾಕಿದಿರಿ, ಯಾವ ಮಾದರಿ ಎಂಬುದನ್ನು ಬರೆದಿಲ್ಲ. ಮಂಗಟ್ಟೆ ಬಂದದ್ದನ್ನು ಬರೆದಿದ್ದೀರಿ. ತೋರಣದ ವಿನ್ಯಾಸ ಬರೆದಿಲ್ಲ. ಹಾರುವ ಓತಿಯನ್ನು ಬರೆದಿದ್ದೀರಿ. ಅಚ್ಚಾಗದ ಭಾಗದಲ್ಲೂ ಹಾಗೆಯೇ, ನೀಲಿ ಶಾಲು ಎಂದರೆ ನವರಂಗ ಹಕ್ಕಿ ಬಚ್ಚಲ ಹಿಂದೆ ತರಗೆಲೆ ಕೆದಕಿದ ಚಳಿಗಾಲ. ನಿಮಗೆ ಅಂಗಳ ಮೊದಲು, ಹೆಣಿಗೆ ಆಮೇಲೆ ಎಂದು ನನಗನಿಸುತ್ತದೆ. ಕಡ್ಡಿ ಬಿದ್ದುಹೋದರೂ ನೋಡುವುದು ಬಿದ್ದುಹೋಗಲಿಲ್ಲ. ನೀವು ಕಳೆದುಕೊಂಡಿದ್ದೇನೆ ಎಂದುಕೊಂಡದ್ದರಲ್ಲಿ ಮುಖ್ಯ ಭಾಗ ನಿಮ್ಮಲ್ಲೇ ಉಳಿದಿದೆ.

ಆ ಓತಿಯನ್ನು ನೋಡಿದವರು ಎಷ್ಟು ಜನ ಹೇಳಿ. ತೇಜಸ್ವಿಯವರ ‘ಕರ್ವಾಲೊ’ ಓದಿದವರೆಲ್ಲ ಅದನ್ನು ಘಟ್ಟದ ಕಾಡಿನ ಮಾಯೆ ಎಂದುಕೊಂಡಿರುತ್ತಾರೆ. ನಮ್ಮ ಅಡಿಕೆ ತೋಟದಲ್ಲಿ ಅದು ದಿನನಿತ್ಯದ ಪ್ರಾಣಿ. ಮರದ ತೊಗಟೆಯ ಬಣ್ಣವೇ ಮೈಬಣ್ಣವಾದ್ದರಿಂದ ಕಾಣುವುದಿಲ್ಲ. ಗಂಡು ಕತ್ತಿನ ಕೆಳಗಿನ ಹಳದಿ ಚರ್ಮವನ್ನು ಬಾವುಟದ ಹಾಗೆ ಮುಂದಕ್ಕೆ ಚಾಚಿ ಮಡಚುವಾಗ ಒಂದು ಚುಕ್ಕೆ ಮಿನುಗಿದ ಹಾಗಾಗುತ್ತದೆ, ಅದೇ ಗುರುತು. ಪಕ್ಕೆಲುಬುಗಳ ನಡುವಿನ ಪೊರೆಯನ್ನು ಬಿಡಿಸಿ ಒಂದು ಮರದ ಮೇಲಿನಿಂದ ಇನ್ನೊಂದರ ನಡುಭಾಗಕ್ಕೆ ಜಾರುತ್ತದೆ, ಮತ್ತೆ ಮೇಲಕ್ಕೆ ಓಡುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಹೆಚ್ಚಾಗಿ ಮೊಟ್ಟೆಯಿಡುವುದಕ್ಕೆ ಮಾತ್ರ. ಇದನ್ನು ನೋಡಿ ಎರಡು ಸಾಲು ಬಿಚ್ಚಬೇಕಾಯಿತು ಎಂದರೆ ನಷ್ಟವಲ್ಲ ಮಾರಾಯ್ರೆ.

ಸೂರಕ್ಕಿಯ ವಿಷಯಕ್ಕೆ ಬರುತ್ತೇನೆ. ‘ಅದು ಹೆಣೆಯುತ್ತಿದೆ, ನಾನು ಬಿಟ್ಟಿದ್ದೇನೆ’ ಎಂದು ನೊಂದುಕೊಂಡಿದ್ದೀರಿ. ಹಕ್ಕಿಯಿಂದ ಪಾಠ ಕಲಿಯಿರಿ ಎಂಬ ಉಪದೇಶ ನನ್ನಿಂದ ಬರುವುದಿಲ್ಲ. ಅದಕ್ಕೆ ಗೂಡು ಬೇಕೇಬೇಕು, ನಿಮಗೆ ಸ್ವೆಟರ್ ಬೇಕಾಗಿಲ್ಲ, ಅದೂ ಮುಳ್ಳೇರಿಯದ ಸೆಕೆಯಲ್ಲಿ. ನೀವು ಬರೆದ ಬಣ್ಣ ನೋಡಿದರೆ ಅದು ನೇರಳೆ ಸೊಂಟದ ಸೂರಕ್ಕಿ ಇರಬೇಕು. ಗೂಡು ಕಟ್ಟುವುದು ಮುಖ್ಯವಾಗಿ ಹೆಣ್ಣು. ನಾರು, ಒಣಗಿದ ಎಲೆ, ತೊಗಟೆಯ ಚೂರುಗಳನ್ನು ಜೇಡರ ಬಲೆಯ ನೂಲಿನಿಂದ ಬಿಗಿಯುತ್ತದೆ. ನಿಮ್ಮ ಜಗಲಿಯ ಮೂಲೆಯ ಬಲೆ ಕಡಿಮೆಯಾಗಿದೆಯೇ ನೋಡಿ, ಅಲ್ಲಿಂದಲೇ ಒಯ್ದಿರುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಕಾವು ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚು. ಮರಿಗಳಿಗೆ ತಿನ್ನಿಸುವಾಗ ಗಂಡೂ ಕೈಜೋಡಿಸುತ್ತದೆ. ಅಷ್ಟು ದಿನ ಬಟ್ಟೆಗೆ ಬೇರೆ ಹಗ್ಗ ಕಟ್ಟಿ. ಗೂಡಿನೊಳಗೆ ಬೆರಳು ಹಾಕುವುದು, ಮೊಬೈಲ್ ಹತ್ತಿರ ಹಿಡಿಯುವುದು ಬೇಡ. ಮಗಳಿಗೆ ಫೋಟೋ ಬೇಕಿದ್ದರೆ ಕಿಟಕಿಯೊಳಗಿನಿಂದ ತೆಗೆದು ಕಳಿಸಿ.

ಅಂಗಳ ನೋಡುವುದು ಕೆಲಸವಿಲ್ಲದವರ ಕೆಲಸ ಎಂದು ಮನೆಯವರು ಹೇಳಿದರೆ ನಮ್ಮ ಜಿಲ್ಲೆಯವರಿಗೆ ಕೊಡಲು ಉತ್ತರ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಮೇಲ್ಪಟ್ಟು ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದಾಗ ಎಣ್ಮಕಜೆಯ ಪಡ್ರೆ ಕಡೆಯವರು ಮೊದಲು ಗಮನಿಸಿದವುಗಳಲ್ಲಿ ಜೇನುನೊಣ ಇಲ್ಲವಾದದ್ದೂ ಒಂದು. ಪ್ರಯೋಗಾಲಯದ ವರದಿ ಬಂದದ್ದು ಎಷ್ಟೋ ಕಾಲದ ಮೇಲೆ. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಸಿಂಪರಣೆ ನಿಲ್ಲಿಸಿ ಎಂದು 1998ರಲ್ಲಿ ಕೋರ್ಟಿಗೆ ಹೋದರು. ದೇಶಾದ್ಯಂತ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ. ಮನೆಯಂಗಳದಲ್ಲಿ ಏನಿತ್ತು ಎಂದು ಗೊತ್ತಿದ್ದವರಿಗೆ ಮಾತ್ರ ಏನು ಹೋಯಿತು ಎಂದು ಗೊತ್ತಾಗುತ್ತದೆ. ಇದನ್ನು ನಿಮ್ಮ ಮೇಲೆ ಹೊರೆಯಾಗಿ ಹೇರುತ್ತಿಲ್ಲ. ನೀವು ಹೋರಾಟಗಾರ್ತಿ ಆಗಬೇಕಾಗಿಲ್ಲ. ಯಜಮಾನರಿಗೆ ಹೇಳಲು ಇರಲಿ ಎಂದು ಬರೆದೆ.

ದೂರ ಹೋಗಬೇಕೆಂದೂ ಇಲ್ಲ. ಆದರೆ ಸೋಣ ತಿಂಗಳಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ, ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನಕ್ಕೆ ಅತ್ತೆಯನ್ನು ಕರೆದುಕೊಂಡು ಹೋಗಿ. ಅವರಿಗೆ ಕೆರೆ ನಡುವಿನ ದೇವರ ದರ್ಶನ ಆಗಲಿ, ನೀವು ಸುತ್ತಲಿನ ಮುರಕಲ್ಲ ಬಯಲನ್ನು ನೋಡಿ. ಬೇಸಗೆಯಲ್ಲಿ ಕಾಲು ಸುಡುವ ಕಲ್ಲಿನ ಮೇಲೆ ಆಗ ನೀರು ಜಿನುಗುತ್ತಿರುತ್ತದೆ, ಬೆರಳುದ್ದವೂ ಇಲ್ಲದ ಗಿಡಗಳಲ್ಲಿ ನೀಲಿನೇರಳೆ ಹೂ. ಮಲಯಾಳಿಗಳು ಓಣಂ ಪೂಕ್ಕಳಕ್ಕೆ ತರುವ ಕಾಕಪ್ಪೂವು ಅದು. ನೋಡಲು ಸಾಧು, ಮಾಡುವುದು ಬೇಟೆ: ಬುಡದ ಎಳೆಗಳಲ್ಲಿರುವ ಸಾಸಿವೆಗಿಂತ ಚಿಕ್ಕ ಚೀಲಗಳಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ಅರಗಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಕಿದೂರು; ನೂರಕ್ಕೂ ಮೇಲ್ಪಟ್ಟ ಜಾತಿಯ ಹಕ್ಕಿಗಳು ಲೆಕ್ಕಕ್ಕೆ ಸಿಕ್ಕಿರುವ ಊರು ಅದು. ನಮ್ಮ ಜಿಲ್ಲಾ ಪಂಚಾಯತು ಕಾಸರಕವನ್ನು ಜಿಲ್ಲೆಯ ಮರವೆಂದು, ಬಿಳಿಹೊಟ್ಟೆಯ ಕಡಲ ಹದ್ದನ್ನು ಜಿಲ್ಲೆಯ ಹಕ್ಕಿಯೆಂದು ಘೋಷಿಸಿದೆ. ಪೆರಿಯದ ತೋಡುಗಳಲ್ಲಿ ಬೆಳೆಯುವ ಒಂದು ಬಿಳಿ ಹೂವಿಗೂ, ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆಗೂ ಅದೇ ಮಾನ ಸಿಕ್ಕಿದೆ. ದೇಶದಲ್ಲಿ ಹೀಗೆ ಮಾಡಿದ ಮೊದಲ ಜಿಲ್ಲೆ ನಮ್ಮದು. ಅಧ್ಯಕ್ಷರು, ಅಧಿಕಾರಿಗಳೇ ಕೂತು ಆಮೆಯ ಬಗ್ಗೆ ಮಾತಾಡಿದ್ದಾರೆ ಎಂದಮೇಲೆ ನೀವು ಸೂರಕ್ಕಿ ನೋಡಿದ್ದಕ್ಕೆ ಜೋಯಿಸರು ಯಾಕೆ?

ಹಾಗಾದರೆ ಕಡ್ಡಿಯ ಗತಿ? ಹೆಣಿಗೆ ಮನಸ್ಸಿಗೆ ಒಳ್ಳೆಯದು ಎಂದು ನಿಮಗೆ ಎಲ್ಲರೂ ಹೇಳಿರುತ್ತಾರೆ. 2013ರಲ್ಲಿ ಆಕ್ಯುಪೇಷನಲ್ ಥೆರಪಿಯ ಒಂದು ಬ್ರಿಟಿಷ್ ನಿಯತಕಾಲಿಕದಲ್ಲಿ 3,545 ಹೆಣಿಗೆಗಾರರನ್ನು ಕೇಳಿ ಬರೆದ ಅಧ್ಯಯನ ಬಂದಿತ್ತು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತವಾಗಿ, ಖುಷಿಯಾಗಿ ಇದ್ದೇವೆ ಎಂದಿದ್ದರು. ಆದರೆ ಅವರನ್ನು ಕೇಳಿದ್ದು ಹೆಣಿಗೆಯನ್ನು ಇಷ್ಟಪಟ್ಟು ಮಾಡುವಾಗ. ಮುಂಗಡ ತೆಗೆದುಕೊಂಡು, ತಾರೀಕು ತಪ್ಪಿಸಿ, ಅರ್ಧಕ್ಕೆ ನಿಂತವರನ್ನು ಅಲ್ಲ. ಆದ್ದರಿಂದ ಔಷಧಿಯ ಹಾಗೆ ಹೆಣೆಯಬೇಡಿ. ಮಳೆಗಾಲ ಮುಗಿಯುವವರೆಗೆ ಕಡ್ಡಿ ಕಪಾಟಿನಲ್ಲೇ ಇರಲಿ ಎನ್ನುತ್ತೇನೆ.

ಆಮೇಲೆ ಕೈ ತಾನಾಗಿ ಹುಡುಕಿದರೆ ಒಂದು ಕೆಲಸ ಇದೆ. ಬೇರೆ ದೇಶಗಳಲ್ಲಿ ಹಲವರು ದಿನದ ಉಷ್ಣಾಂಶಕ್ಕೆ ಒಂದೊಂದು ಬಣ್ಣ ಇಟ್ಟುಕೊಂಡು ದಿನಕ್ಕೊಂದು ಸಾಲಿನಂತೆ ಕಂಬಳಿ ಹೆಣೆಯುತ್ತಾರೆ. ನಮ್ಮಲ್ಲಿ ಉಷ್ಣಾಂಶ ಹಿಡಿದರೆ ವರ್ಷವಿಡೀ ಎರಡೇ ಬಣ್ಣ ಬಂದೀತು. ನೀವು ಅಂಗಳವನ್ನೇ ಹಿಡಿಯಿರಿ. ಆ ದಿನ ಜಗಲಿಯಿಂದ ಕಂಡದ್ದರಲ್ಲಿ ಒಂದರ ಬಣ್ಣ, ಒಂದು ಸಾಲು. ಬಿಸುವಿನ ಹೊತ್ತಿಗೆ ಕೊಂದೆ ಹೂವಿನ ಹಳದಿ, ಪತ್ತನಾಜೆ ಕಳೆದು ಮೊದಲ ಮಳೆಗೆ ನೆನೆದ ಮುರಕಲ್ಲಿನ ಕೆಂಪು, ಆಟಿಯಲ್ಲಿ ಬೂದಿಯೋ ಬೂದಿ, ಸುರಂಗದ ಬಾಯಲ್ಲಿ ಚಿಗುರಿದ ಜರಿಗಿಡದ ಎಳೆಹಸಿರು, ಅಂಗಳದಲ್ಲಿ ಒಣಗಲು ಹರಡಿದ ಹಣ್ಣಡಿಕೆಯ ಕಿತ್ತಳೆ. ಹತ್ತಿ ನೂಲಿನಲ್ಲಿ ಸಿಂಗಲ್ ಕ್ರೋಶದ ಒಂದು ಸಾಲು ಸುಮಾರು ಅರ್ಧ ಸೆಂಟಿಮೀಟರ್ ಎತ್ತರ ಬರುತ್ತದೆ. ವರ್ಷಕ್ಕೆ 180 ಸೆಂಟಿಮೀಟರ್, ಒಬ್ಬರು ಹೊದೆಯುವ ಉದ್ದ. ಟ್ರೆಬಲ್ ಹಾಕಬೇಡಿ, ಅದರ ಎರಡು ಪಟ್ಟಿಗೂ ಹೆಚ್ಚಾಗಿ ಚಾವಡಿಯ ಈ ಗೋಡೆಯಿಂದ ಆ ಗೋಡೆಗೆ ಹೋದೀತು. ಅಗಲ ಒಂದು ಗೇಣು ಸಾಕು, ಒಂದು ಸಾಲಿಗೆ ಹತ್ತು ನಿಮಿಷ. ತಪ್ಪಿದ ದಿನ ತಪ್ಪಿತು, ಮರುದಿನ ಎರಡು ಸಾಲು ಹಾಕಿ ಸರಿದೂಗಿಸುವುದು ಬೇಡ. ಅದು ಶುರುವಾದರೆ ಮತ್ತೆ ಆರ್ಡರಿನ ಲೆಕ್ಕವೇ. ಮುಖ್ಯ ಷರತ್ತು, ಅದರ ಫೋಟೋ ಆ ಪೇಜಿಗೆ ಹೋಗಕೂಡದು.

ಹತ್ತಿ ನೂಲು ಎಂದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಉಲನ್ ಇಟ್ಟುಕೊಳ್ಳುವುದು ನಿಜಕ್ಕೂ ಒಂದು ಹಟ. ನಿಮ್ಮ ಪೆಟ್ಟಿಗೆಯದ್ದು ಅಕ್ರಿಲಿಕ್ ಇರಬಹುದು, ಅಂಗಡಿಗಳಲ್ಲಿ ಉಲನ್ ಎಂದು ಕೊಡುವುದು ಹೆಚ್ಚಾಗಿ ಅದನ್ನೇ. ಅಕ್ರಿಲಿಕ್ಕಿಗೆ ನುಸಿ ಹತ್ತದಿದ್ದರೂ ತೇವ ಕೂತರೆ ವಾಸನೆ ಬರುತ್ತದೆ, ಪೆಟ್ಟಿಗೆಯ ಕಾಗದ, ರಟ್ಟು ಮೊದಲು ಬೂಸ್ಟು ಹಿಡಿಯುತ್ತದೆ. ಬಿಸಿಲು ಬಂದ ದಿನ ಉಂಡೆಗಳನ್ನು ಲಡಿಯಾಗಿ ಬಿಚ್ಚಿ, ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ನೆನೆಸಿ ತೊಳೆಯಿರಿ, ಸೋಪು ಹೋದ ಮೇಲೆ ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತುಂಬಿ. ಔಷಧಿ ಡಬ್ಬಿಗಳಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಅದರಲ್ಲಿ ಹಾಕಿ. ಲಾವಂಚದ ಬೇರು ಪರಿಮಳಕ್ಕೆ ಒಳ್ಳೆಯದು, ಆದರೆ ತೇವ ಎಳೆಯುವ ಕೆಲಸ ಅದರಿಂದ ಆಗುವುದಿಲ್ಲ. ಕಬ್ಬಿಣದ ಕಡ್ಡಿಗೆ ತುಕ್ಕು ಬಂದಿದ್ದರೆ ಬಿಳಿ ನೂಲಿಗೆ ತಾಗಿಸಬೇಡಿ, ಕಲೆ ಹೋಗುವುದಿಲ್ಲ. ಮಳೆಗಾಲಕ್ಕೆ ಬಿದಿರಿನದ್ದೋ ಅಲ್ಯುಮಿನಿಯಮ್ಮಿನದ್ದೋ ಇಟ್ಟುಕೊಳ್ಳಿ.

ಯಜಮಾನರ ಮಾತು. ಕುಟುಂಬಶ್ರೀ 1998ರಿಂದ ಕೇರಳದ ಹೆಂಗಸರಿಗೆ ಬಹಳ ಮಾಡಿದೆ. ಅದರ ನೆರೆಮನೆಯವರ ಗುಂಪಾದ ಅಯಲ್‌ಕೂಟಕ್ಕೆ ಹೋಗಿ, ನಾಲ್ಕು ಜನರ ಮುಖ ನೋಡಲು ಹೋಗಿ. ಆದರೆ ಹೆಣಿಗೆ ಘಟಕ ಹಾಕುವ ಮಾತು ಸದ್ಯ ಬೇಡ. ಅವರ ಹತ್ತಿರ ಇದನ್ನು ಊಟದ ಹೊತ್ತಿಗೆ ನಾಲ್ಕು ಮಾತಿನಲ್ಲಿ ಹೇಳಿ: ನನಗೆ ಕಾಯಿಲೆ ಏನೂ ಇಲ್ಲ ಅನಿಸುತ್ತದೆ, ರಕ್ತಪರೀಕ್ಷೆ ಮಾಡಿಸುತ್ತೇನೆ, ಮಧ್ಯಾಹ್ನ ಮೂರರಿಂದ ನಾಲ್ಕು ನಾನು ಜಗಲಿಯಲ್ಲಿ ಸುಮ್ಮನೆ ಕೂರುತ್ತೇನೆ, ಬೇಕಾದರೆ ನೀವೂ ಬಂದು ಕೂರಿ. ಅನುಮತಿ ಕೇಳುವ ಧಾಟಿಯಲ್ಲಿ ಬೇಡ, ನಾಳೆ ಅಡಿಕೆ ಕೊಯ್ಲಿಗೆ ಜನ ಬರುತ್ತಾರೆ ಎಂದು ತಿಳಿಸುವ ಧಾಟಿಯಲ್ಲಿ ಹೇಳಿ. ಅತ್ತೆಗೆ ಬೇರೆ ಉಪಾಯ. ಸೂರಕ್ಕಿಯ ಗೂಡು ಅವರಿಗೆ ಕಾಣುವಂತೆ ಕುರ್ಚಿ ಸ್ವಲ್ಪ ಸರಿಸಿಡಿ. ನಿಮಗಿಂತ ಹೆಚ್ಚು ವರ್ಷ ಕೈ ಖಾಲಿ ಬಿಡದೆ ದುಡಿದವರು ಅವರು, ಅವರಿಗೂ ಯಾರೂ ಸುಮ್ಮನೆ ಕೂರಿ ಎಂದು ಹೇಳಿರಲಾರರು.

ಉಳಿದದ್ದು ಆ ಎರಡು ಆರ್ಡರ್. ರಾತ್ರಿ ಎರಡಕ್ಕೆ ನಿಮ್ಮನ್ನು ಎಬ್ಬಿಸುವುದರಲ್ಲಿ ಅರ್ಧ ಪಾಲು ಅವುಗಳದ್ದು ಎಂದು ನನ್ನ ಊಹೆ. ಶುರುವಾಗದ್ದರ ಮುಂಗಡವನ್ನು ನಾಳೆಯೇ ವಾಪಸು ಹಾಕಿ. ‘ಈಗ ಹೆಣೆಯುತ್ತಿಲ್ಲ, ತಡವಾಗಿ ತಿಳಿಸಿದ್ದಕ್ಕೆ ಕ್ಷಮಿಸಿ’ ಎಂದಷ್ಟೇ ಬರೆಯಿರಿ, ಕಾರಣ ವಿವರಿಸಬೇಡಿ. ಕಾರಣ ಹೇಳಿದರೆ ಅವರು ‘ಪರವಾಗಿಲ್ಲ ಆಂಟಿ, ಮುಂದಿನ ತಿಂಗಳು ಕೊಡಿ’ ಎನ್ನುತ್ತಾರೆ, ನೀವು ಒಪ್ಪಿಬಿಡುತ್ತೀರಿ. ಅರ್ಧಕ್ಕೆ ನಿಂತದ್ದನ್ನು ಪೂರೈಸಿ ಕೊಡುತ್ತೀರೋ ಬಿಡುತ್ತೀರೋ ಎಂದು ಅವರನ್ನೇ ಕೇಳಿ. ಮಗು ಆಗಲೇ ಹುಟ್ಟಿ, ಆ ಅಳತೆಯನ್ನು ದಾಟಿ ಬೆಳೆದಿರಲೂಬಹುದು. ಬೇಡ ಎಂದರೆ ದುಡ್ಡು ವಾಪಸು, ಹೆಣೆದದ್ದನ್ನು ಬಿಚ್ಚಿ ಉಂಡೆ ಮಾಡಿಡಿ. ಬೇಕು ಎಂದರೆ ಮಗಳು ರಜೆಗೆ ಬಂದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಗಿಸಿ, ಆ ಪೇಜನ್ನೂ ಅವಳೇ ಅವತ್ತು ಮುಚ್ಚಲಿ.